ಹಾವಿನ ನಾಲಿಗೆಯಿಂದ ಶಾರ್ಕಿನ ಹಲ್ಲಿನವರೆಗೆ



ಪಳೆಯುಳಿಕೆಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ಮೇಜಿನ ಮೇಲಿದ್ದ ಒಂದು ಕಪ್ಪು ಕಲ್ಲು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೆಬ್ಬೆರಳಿನಷ್ಟು ಉದ್ದ, ತ್ರಿಕೋನದ ಆಕಾರ, ಬೆಳಕಿಗೆ ಹಿಡಿದರೆ ಮಿರುಗುವ ನುಣುಪು. ಅದು ಶಿಲೆಯಾಗಿ ಮಾರ್ಪಟ್ಟ ಶಾರ್ಕ್ ಮೀನಿನ ಹಲ್ಲು. ಒಂದು ಕಾಲೇಜಿನ ವಸ್ತುಸಂಗ್ರಹದಿಂದ ಅದನ್ನು ಚಿತ್ರೀಕರಣಕ್ಕಾಗಿ ಎರವಲು ತಂದಿದ್ದೆವು. ಅತಿಥಿಯಾಗಿ ಬಂದಿದ್ದ ಭೂವಿಜ್ಞಾನದ ಅಧ್ಯಾಪಕರು ಕ್ಯಾಮೆರಾ ಓಡುವ ಮೊದಲೇ ಅದನ್ನು ಕೈಗೆತ್ತಿಕೊಂಡು, "ಇದು ಎಲ್ಲಿ ಸಿಕ್ಕಿದ್ದು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಹಲ್ಲನ್ನು ಮೆಲ್ಲಗೆ ಕೆಳಗಿಟ್ಟು, "ಹಾಗಾದರೆ ನೋಡಲು ಚೆನ್ನಾಗಿದೆ, ಅಷ್ಟೇ" ಎಂದರು.

ಆ ಮಾತು ನನಗೆ ಚುರುಕ್ಕೆಂದಿತು. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಲಾಗದೆ ಉಳಿದ ಕಥೆಯೊಂದನ್ನು ಮೊದಲು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಅಳಿದುಹೋದ ಶಾರ್ಕ್‌ಗಳ ಹಲ್ಲುಗಳನ್ನು ಮನುಷ್ಯ ಹೇಗೆ ಕೂಡಿಹಾಕಿದ, ಅವುಗಳಿಂದ ಏನನ್ನು ಕಲಿತ, ಎಲ್ಲೆಲ್ಲಿ ಎಡವಿದ ಎಂಬುದೇ ಆ ಕಥೆ.

ಹಲ್ಲುಗಳೇ ಏಕೆ?

ಶಾರ್ಕಿನ ಅಸ್ಥಿಪಂಜರ ನಮ್ಮದರಂತೆ ಗಟ್ಟಿ ಮೂಳೆಯದಲ್ಲ. ನಿಮ್ಮ ಕಿವಿಯ ಹಾಲೆಯನ್ನು ಮಡಿಸಿ ನೋಡಿ. ಒಳಗೆ ಸಿಗುವ ಬಾಗುವ ವಸ್ತುವಿಗೆ ಮೃದ್ವಸ್ಥಿ ಎನ್ನುತ್ತಾರೆ. ಶಾರ್ಕಿನ ದೇಹದ ಚೌಕಟ್ಟೆಲ್ಲ ಇದರದೇ. ಮೀನು ಸತ್ತು ಕಡಲ ತಳ ಸೇರಿದ ಮೇಲೆ ಮೃದ್ವಸ್ಥಿ ಸಾಮಾನ್ಯವಾಗಿ ಬೇಗ ಕರಗಿಹೋಗುತ್ತದೆ. ಉಳಿಯುವುದು ಹಲ್ಲು. ಅಲ್ಲದೆ ಶಾರ್ಕಿನ ದವಡೆಯಲ್ಲಿ ಹಲ್ಲುಗಳು ಸಾಲುಸಾಲಾಗಿ ಬೆಳೆಯುತ್ತವೆ. ಮುಂದಿನದು ಉದುರಿದರೆ ಹಿಂದಿನದು ಅದರ ಜಾಗಕ್ಕೆ ಬರುತ್ತದೆ. ಹೀಗೆ ಒಂದೇ ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುತ್ತದೆ.

ಉದುರಿದ ಹಲ್ಲಿನ ಮೇಲೆ ಹೂಳು ಬೀಳುತ್ತದೆ. ಹೂಳಿನ ಮೇಲೆ ಹೂಳು ಕೂಡಿ ಲಕ್ಷಾಂತರ ವರ್ಷಗಳಲ್ಲಿ ಅದು ಬಂಡೆಯ ಪದರವಾಗುತ್ತದೆ. ಹಲ್ಲಿನೊಳಗೆ ಖನಿಜಗಳು ಸೇರಿ ಅದರ ಬಣ್ಣ ಕಪ್ಪೋ ಬೂದಿಯೋ ಕಂದೋ ಆಗುತ್ತದೆ. ಮುಂದೆಂದೋ ಕಡಲು ಹಿಂದೆ ಸರಿದು ನೆಲ ಮೇಲೆದ್ದರೆ, ಮಳೆಗಾಳಿಗೆ ಬಂಡೆ ಸವೆದು ಹಲ್ಲು ಹೊರಬೀಳುತ್ತದೆ. ಹೀಗಾಗಿ ಅಳಿದುಹೋದ ಶಾರ್ಕ್‌ಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಅವುಗಳ ಹಲ್ಲುಗಳ ಚರಿತ್ರೆ.

ಆಕಾಶದಿಂದ ಬಿದ್ದ ನಾಲಿಗೆಗಳು

ಬೆಟ್ಟದ ಮೇಲೆ, ಕಡಲಿನಿಂದ ಬಹುದೂರದಲ್ಲಿ ಇಂಥ ಕಲ್ಲು ಸಿಕ್ಕಿದರೆ ಹಿಂದಿನವರು ಏನೆಂದುಕೊಂಡಾರು? ಯುರೋಪಿನ ಜನ ಇವನ್ನು 'ಗ್ಲಾಸೊಪೆಟ್ರಾ', ಅಂದರೆ ನಾಲಿಗೆಗಲ್ಲು ಎಂದು ಕರೆದರು. ಇವು ಮನುಷ್ಯನ ನಾಲಿಗೆಯನ್ನು ಹೋಲುತ್ತವೆಂದೂ, ಚಂದ್ರ ಮರೆಯಾದ ವೇಳೆ ಆಕಾಶದಿಂದ ಉದುರುತ್ತವೆಂದು ಜನ ಹೇಳುತ್ತಾರೆಂದೂ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಈ ಕಲ್ಲುಗಳು ಹೇರಳ. ಸಂತ ಪೌಲನು ಹಡಗು ಒಡೆದು ಆ ದ್ವೀಪ ಸೇರಿದಾಗ ಹಾವು ಕಚ್ಚಿಯೂ ಅವನಿಗೆ ಏನೂ ಆಗಲಿಲ್ಲವೆಂದು ಬೈಬಲ್ ಹೇಳುತ್ತದೆ. ಆಗ ಸಂತನು ಶಪಿಸಿದ ಹಾವುಗಳ ನಾಲಿಗೆಗಳೇ ಕಲ್ಲಾದವೆಂದು ದ್ವೀಪದ ಜನ ನಂಬಿದರು. ಹಾವಿನ ನಾಲಿಗೆ ವಿಷಕ್ಕೆ ಮದ್ದೆಂಬ ನಂಬಿಕೆಯೂ ಬೆಳೆಯಿತು. ಮಧ್ಯಯುಗದ ಶ್ರೀಮಂತರು ಊಟದ ಮೇಜಿನ ಮೇಲೆ ಬೆಳ್ಳಿಯ ಪುಟ್ಟ ಮರದಂತಹ ಸಾಧನಕ್ಕೆ ಇವುಗಳನ್ನು ತೂಗುಹಾಕಿ, ದ್ರಾಕ್ಷಾರಸದಲ್ಲಿ ಯಾರಾದರೂ ವಿಷ ಬೆರೆಸಿದ್ದಾರೆಯೇ ಎಂದು ಅದ್ದಿ ಪರೀಕ್ಷಿಸುತ್ತಿದ್ದರು. ಹೀಗೆ ನಾಲಿಗೆಗಲ್ಲು ಮಾರಾಟದ ಸರಕಾಯಿತು. ಕೊಳ್ಳುವವನಿಗೆ ಅದರ ಶಕ್ತಿಯಷ್ಟೇ ಮುಖ್ಯ. ಯಾವ ಬಂಡೆಯ ಯಾವ ಪದರದಿಂದ ಬಂತೆಂದು ಕೇಳುವ ಅಗತ್ಯ ಅವನಿಗೇನಿತ್ತು?

1616ರಲ್ಲಿ ಇಟಲಿಯ ವಿದ್ವಾಂಸ ಫಾಬಿಯೊ ಕೊಲೊನ್ನ ಇವು ಶಾರ್ಕಿನ ಹಲ್ಲುಗಳೇ ಎಂದು ಒಂದು ಪ್ರಬಂಧದಲ್ಲಿ ವಾದಿಸಿದ. ಆದರೆ ಆ ಕಾಲದ ಬಹುಮಂದಿ ಪಂಡಿತರು, ಕಲ್ಲಿಗೆ ತನ್ನೊಳಗೇ ಇಂಥ ಆಕಾರಗಳನ್ನು ಬೆಳೆಸುವ ಶಕ್ತಿಯಿದೆಯೆಂದು ನಂಬಿದ್ದರು.

ಲಿವೊರ್ನೊದ ಶಾರ್ಕ್

1666ರ ಅಕ್ಟೋಬರ್‌ನಲ್ಲಿ ಇಟಲಿಯ ಲಿವೊರ್ನೊ ಪಟ್ಟಣದ ಬಳಿ ಬೆಸ್ತರ ಬಲೆಗೆ ಒಂದು ದೈತ್ಯ ಶಾರ್ಕ್ ಬಿತ್ತು. ಸುದ್ದಿ ತಿಳಿದ ಟಸ್ಕನಿಯ ಅರಸ ಎರಡನೆಯ ಫರ್ಡಿನಾಂಡೊ, ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿದ. ಅಲ್ಲಿ ಅವನ ಆಶ್ರಯದಲ್ಲಿದ್ದ ಡೆನ್ಮಾರ್ಕಿನ ಯುವ ಅಂಗರಚನಾ ವಿಜ್ಞಾನಿ ನಿಕೊಲಾಸ್ ಸ್ಟೆನೊಗೆ ಅದನ್ನು ಛೇದಿಸುವ ಕೆಲಸ ಬಂತು. ಅವನಿಗೆ ಆಗ 28 ವರ್ಷ.

ಸ್ಟೆನೊ ಹಲ್ಲುಗಳನ್ನು ನೋಡಿದ. ನಾಲಿಗೆಗಲ್ಲುಗಳನ್ನೂ ನೋಡಿದ. ಎರಡೂ ಒಂದೇ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ 1667ರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ ಅವನು ಮುಂದಿನ ಪ್ರಶ್ನೆಗಳನ್ನೂ ಕೈಗೆತ್ತಿಕೊಂಡ. ಈ ಕಲ್ಲುಗಳು ಬಂಡೆಯೊಳಗೇ ಬೆಳೆದಿದ್ದರೆ, ಬಂಡೆಯ ಸಂದಿನಲ್ಲಿ ಬೆಳೆದ ಮರದ ಬೇರಿನಂತೆ ಅವು ಸೊಟ್ಟಗಾಗಬೇಕಿತ್ತು, ಇಲ್ಲವೇ ಬಂಡೆ ಬಿರಿಯಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ಹಲ್ಲು ಸೇರಿದಾಗ ಸುತ್ತಲಿನ ಮಣ್ಣು ಮೆತ್ತಗಿತ್ತು. ಒಂದೇ ಜಾಗದಲ್ಲಿ ಅಷ್ಟೊಂದು ಕಲ್ಲುಗಳು ಏಕೆ? ಒಂದು ಶಾರ್ಕಿನ ಬಾಯಲ್ಲೇ ಬಹಳ ಹಲ್ಲುಗಳಿರುತ್ತವೆ. ಕಡಲಿನಿಂದ ದೂರ ಹೇಗೆ ಬಂದವು? ಆ ನೆಲ ಹಿಂದೆ ನೀರಿನ ಅಡಿಯಲ್ಲಿದ್ದಿರಬೇಕು.

ಎರಡು ವರ್ಷಗಳ ನಂತರ, 1669ರಲ್ಲಿ, ಅವನು ಇನ್ನೊಂದು ಪುಟ್ಟ ಪುಸ್ತಕ ಬರೆದ. ಹೂಳಿನಿಂದಾದ ಪದರಗಳಲ್ಲಿ ಕೆಳಗಿನದು ಮೊದಲು ಆದದ್ದು, ಮೇಲಿನದು ಆಮೇಲೆ ಆದದ್ದು ಎಂಬ ನಿಯಮ ಅದರಲ್ಲಿದೆ. ಇಂದು ನೀವು ಭೂವಿಜ್ಞಾನದ ಮೊದಲ ಪಾಠದಲ್ಲಿ ಓದುವ ನಿಯಮ ಇದೇ. ಇದರ ಅರ್ಥವನ್ನು ಗಮನಿಸಿ. ಹಲ್ಲು ಯಾವ ಪದರದಲ್ಲಿತ್ತೆಂದು ತಿಳಿದರೆ, ಅದು ಯಾವುದಕ್ಕಿಂತ ಹಳೆಯದು, ಯಾವುದಕ್ಕಿಂತ ಹೊಸದು ಎಂದು ಹೇಳಬಹುದು. ಪದರ ತಿಳಿಯದಿದ್ದರೆ ಹಲ್ಲು ಮಾತಾಡುವುದಿಲ್ಲ.

ಚಿತ್ರಕಾರ, ವೈದ್ಯ ಮತ್ತು ಒಂದು ಸೂಚನಾಪತ್ರ

ಸ್ಟೆನೊನ ಸಮಕಾಲೀನನಾದ ಅಗೊಸ್ಟಿನೊ ಸ್ಕಿಲ್ಲ ಸಿಸಿಲಿಯ ಮೆಸ್ಸಿನಾ ಊರಿನ ಚಿತ್ರಕಾರ. ವಿಜ್ಞಾನದ ಪದವಿ ಅವನಿಗಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸವಿತ್ತು. ಹಲ್ಲು, ಚಿಪ್ಪುಗಳನ್ನು ಸಂಗ್ರಹಿಸಿ, ಅವುಗಳ ಚಿತ್ರ ಬರೆದು, ಇವು ಒಂದು ಕಾಲದ ಜೀವಿಗಳೇ ಎಂದು 1670ರಲ್ಲಿ ಪುಸ್ತಕ ಪ್ರಕಟಿಸಿದ.

ಸ್ಕಿಲ್ಲನ ಸಂಗ್ರಹ ಮುಂದೆ ಲಂಡನ್ನಿನ ವೈದ್ಯ ಜಾನ್ ವುಡ್‌ವರ್ಡ್‌ನ ಕೈಸೇರಿತು. ವುಡ್‌ವರ್ಡ್ 1696ರಲ್ಲಿ, ದೇಶವಿದೇಶಗಳಿಂದ ವಸ್ತುಗಳನ್ನು ಕಳಿಸಿಕೊಡುವವರಿಗಾಗಿ ಒಂದು ಸೂಚನಾಪತ್ರವನ್ನೇ ಅಚ್ಚು ಹಾಕಿಸಿದ್ದ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಅಂಟಿಸಬೇಕು. ಆ ಸಂಖ್ಯೆಯ ಎದುರು ಅದು ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿತ್ತು ಎಂಬುದನ್ನು ಬರೆದಿಡಬೇಕು. ಇಂದಿನ ಸಂಶೋಧಕನೂ ಇದನ್ನೇ ಮಾಡುತ್ತಾನೆ. 1728ರಲ್ಲಿ ವುಡ್‌ವರ್ಡ್ ತೀರಿಕೊಂಡ ಮೇಲೆ ಅವನ ಸಂಗ್ರಹ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಸ್ಕಿಲ್ಲ ಕೈಯಲ್ಲಿ ಹಿಡಿದು ಚಿತ್ರ ಬರೆದ ಪಳೆಯುಳಿಕೆಗಳು ಅಲ್ಲಿನ ಸೆಡ್ಜ್‌ವಿಕ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಮೂರೂವರೆ ಶತಮಾನ ಕಳೆದರೂ ಅವು ಯಾರವು, ಎಲ್ಲಿಂದ ಬಂದವು ಎಂದು ಹೇಳಬಲ್ಲೆವು. ಸಂಖ್ಯೆ ಮತ್ತು ಚೀಟಿ ಮಾಡಿದ ಉಪಕಾರ ಅದು.

ಲೈಮ್ ರೀಜಿಸ್‌ನ ಹೆಣ್ಣುಮಗಳು

ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಎಂಬ ಊರಿನಲ್ಲಿ 1799ರಲ್ಲಿ ಹುಟ್ಟಿದ ಮೇರಿ ಆ್ಯನಿಂಗ್ ಹೆಸರನ್ನು ನೀವು ಕೇಳಿರಬಹುದು. ಬಡಗಿಯ ಮಗಳು. ಕಡಲ ಬದಿಯ ಕಡಿದಾದ ದಿಬ್ಬಗಳಿಂದ ಕುಸಿದ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿ ಮಾರಿ ಬದುಕಿದವಳು. ಅವಳಿಗೆ ಕೀರ್ತಿ ತಂದದ್ದು ಪ್ರಾಚೀನ ಕಡಲ ಸರೀಸೃಪಗಳು. ಆದರೆ ಶಾರ್ಕ್‌ಗಳ ವಿಷಯದಲ್ಲೂ ಅವಳ ತಿಳುವಳಿಕೆ ದೊಡ್ಡದು. 1834ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ ಆ ಊರಿಗೆ ಬಂದಾಗ, ಮೇರಿ ಮತ್ತು ಅವಳ ಗೆಳತಿ ಎಲಿಜಬೆತ್ ಫಿಲ್‌ಪಾಟ್ ಅವನಿಗೆ ಮೀನುಗಳ ಪಳೆಯುಳಿಕೆಗಳನ್ನು ತೋರಿಸಿ ವಿವರಿಸಿದರು. ಅಗಾಸಿ ತನ್ನ ಗ್ರಂಥದಲ್ಲಿ ಇಬ್ಬರಿಗೂ ಕೃತಜ್ಞತೆ ಸಲ್ಲಿಸಿದ. ಒಂದು ಪ್ರಾಚೀನ ಶಾರ್ಕಿಗೆ 'ಆಕ್ರೋಡಸ್ ಆ್ಯನಿಂಗಿಯೆ' ಎಂದು ಮೇರಿಯ ಹೆಸರಿಟ್ಟ.

1839ರಲ್ಲಿ, ಕೊಂಕಿಯಂತೆ ಬಾಗಿದ ಹಲ್ಲಿರುವ ಹೈಬೋಡಸ್ ಶಾರ್ಕಿನ ಪಳೆಯುಳಿಕೆ ಹೊಸ ಶೋಧವೆಂಬಂತೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರಹ ಬಂತು. ನೇರ ಹಲ್ಲು, ಬಾಗಿದ ಹಲ್ಲು ಎರಡೂ ಇರುವ ಇಂಥ ಶಾರ್ಕ್‌ಗಳನ್ನು ತಾನು ಎಷ್ಟೋ ವರ್ಷಗಳ ಹಿಂದೆಯೇ ಕಂಡಿದ್ದೇನೆಂದು ಮೇರಿ ಆ ಪತ್ರಿಕೆಗೆ ಬರೆದಳು. ಅವಳ ಜೀವಿತಕಾಲದಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಅವಳ ಬರಹ ಅದೊಂದೇ. ಅವಳಿಂದ ಕೊಂಡವರ ಹೆಸರು ಎಷ್ಟೋ ಪಳೆಯುಳಿಕೆಗಳ ಮೇಲೆ ಉಳಿಯಿತು; ಹುಡುಕಿದವಳ ಹೆಸರು ಅಳಿಯಿತು. ಚೀಟಿಯಲ್ಲಿ ಊರಿನ ಜೊತೆಗೆ ಹುಡುಕಿದವರ ಹೆಸರೂ ಇರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ದೊಡ್ಡ ಹಲ್ಲು, ದೊಡ್ಡ ತಪ್ಪು

1833ರಿಂದ 1843ರವರೆಗೆ ಕಂತುಕಂತಾಗಿ ಹೊರಬಂದ ಅಗಾಸಿಯ ಅದೇ ಗ್ರಂಥದಲ್ಲಿ ಇಂದು ಎಲ್ಲರಿಗೂ ಪರಿಚಿತವಾದ 'ಮೆಗಲಡಾನ್' ಎಂಬ ಹೆಸರು ಬಂತು. ಅದರ ಅರ್ಥವೇ ದೊಡ್ಡ ಹಲ್ಲು. ಕೆಲವು ಹಲ್ಲುಗಳು 17 ಸೆಂಟಿಮೀಟರಿಗೂ ಉದ್ದ. ಅಂಗೈ ತುಂಬಿ ಹೊರಗೆ ಚಾಚುತ್ತವೆ.

ಹಲ್ಲು ಇಷ್ಟಿದ್ದರೆ ಮೀನು ಎಷ್ಟಿರಬೇಕು? 1909ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಬ್ಯಾಶ್‌ಫರ್ಡ್ ಡೀನ್ ಎಂಬ ಮತ್ಸ್ಯವಿಜ್ಞಾನಿ ಅದರ ದವಡೆಯ ಮಾದರಿ ಮಾಡಿಸಿದ. ಅದರೊಳಗೆ ಆರು ಜನ ಕುಳಿತ ಛಾಯಾಚಿತ್ರ ಲೋಕಪ್ರಸಿದ್ಧ. ಆದರೆ ಬೇರೆಬೇರೆ ಪ್ರಾಣಿಗಳ ಬಿಡಿ ಹಲ್ಲುಗಳನ್ನು ಜೋಡಿಸುವಾಗ ಬಾಯಿಯ ಬದಿಗಳಲ್ಲೂ ಮುಂದಿನಷ್ಟೇ ದೊಡ್ಡ ಹಲ್ಲುಗಳನ್ನು ಕೂರಿಸಿದ್ದರಿಂದ ದವಡೆ ಇರಬೇಕಾದುದಕ್ಕಿಂತ ಬಹಳ ದೊಡ್ಡದಾಯಿತು. ಒಂದೇ ಪ್ರಾಣಿಯ ಹಲ್ಲುಗಳು ಒಟ್ಟಾಗಿ ಸಿಕ್ಕಿದ ಮೇಲೆ ತಪ್ಪು ಗೊತ್ತಾಯಿತು. ಈಗಿನ ಬಹುತೇಕ ಅಂದಾಜುಗಳು 15ರಿಂದ 20 ಮೀಟರುಗಳ ನಡುವೆ ಇವೆ. 2025ರ ಒಂದು ಅಧ್ಯಯನ 24 ಮೀಟರಿನವರೆಗೂ ಹೋಗಿದೆ.

ಇನ್ನೊಂದು ತಪ್ಪು ಇನ್ನೂ ಬೋಧಪ್ರದ. 1872ರಿಂದ 1876ರವರೆಗೆ ಲೋಕದ ಕಡಲುಗಳನ್ನೆಲ್ಲ ಶೋಧಿಸಿದ 'ಚಾಲೆಂಜರ್' ಎಂಬ ಬ್ರಿಟಿಷ್ ಹಡಗು, ಪೆಸಿಫಿಕ್ ಸಾಗರದ ನಾಲ್ಕು ಸಾವಿರ ಮೀಟರಿಗೂ ಆಳವಾದ ತಳದಿಂದ ಮೆಗಲಡಾನ್ ಹಲ್ಲುಗಳನ್ನು ಮೇಲೆತ್ತಿತ್ತು. ಅವುಗಳ ಮೇಲೆ ಮ್ಯಾಂಗನೀಸ್ ಲೇಪ ಕಟ್ಟಿತ್ತು. 1959ರಲ್ಲಿ ಚೆರ್ನೆಟ್ಸ್ಕಿ ಎಂಬ ವಿಜ್ಞಾನಿ ಆ ಲೇಪದ ದಪ್ಪವನ್ನು ಅಳೆದು, ಎರಡು ಹಲ್ಲುಗಳು ಸುಮಾರು 24 ಸಾವಿರ ಮತ್ತು 11 ಸಾವಿರ ವರ್ಷಗಳಷ್ಟೇ ಹಳೆಯವೆಂದು ಲೆಕ್ಕ ಹಾಕಿದ. ಇಷ್ಟು ಇತ್ತೀಚಿನದಾದರೆ ಆ ಶಾರ್ಕ್ ಆಳದಲ್ಲಿ ಇನ್ನೂ ಬದುಕಿರಬಾರದೇಕೆ? ಈ ಊಹೆ ಕಾದಂಬರಿ, ಸಿನಿಮಾಗಳಿಗೆ ಹಬ್ಬವಾಯಿತು. ಆದರೆ ಲೇಪ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಕಾಲ ನಿಂತೇ ಹೋಗಬಹುದು. ಆ ಹಲ್ಲುಗಳು ಬಂಡೆಯ ಪದರದೊಳಗಿಂದ ಬಂದವಲ್ಲ, ಬಯಲಾಗಿ ಬಿದ್ದಿದ್ದವು. ಪದರವಿಲ್ಲದ ಹಲ್ಲಿಗೆ ಲೇಪ ನೋಡಿ ವಯಸ್ಸು ಕಟ್ಟಿದ್ದೇ ಎಡವಟ್ಟು.

ಹಾಗಾದರೆ ಮೆಗಲಡಾನ್ ಅಳಿದದ್ದು ಯಾವಾಗ? 26 ಲಕ್ಷ ವರ್ಷಗಳ ಹಿಂದೆ ಎಂದು 2014ರ ಒಂದು ಅಧ್ಯಯನ ಹೇಳಿತ್ತು. 2019ರಲ್ಲಿ ರಾಬರ್ಟ್ ಬೋಸೆನೆಕರ್ ಮತ್ತು ಸಂಗಡಿಗರು, ಕ್ಯಾಲಿಫೋರ್ನಿಯಾ ಕಡೆಯ ಪಳೆಯುಳಿಕೆಗಳನ್ನು ಮುಖ್ಯವಾಗಿಟ್ಟುಕೊಂಡು, ಹಲ್ಲುಗಳ ದಾಖಲೆಗಳನ್ನು ಒಂದೊಂದಾಗಿ ಮತ್ತೆ ಪರಿಶೀಲಿಸಿದರು. ಎಲ್ಲಿ ಸಿಕ್ಕಿತೆಂಬುದು ಖಚಿತವಿಲ್ಲದವನ್ನೂ, ಹಳೆಯ ಪದರದಿಂದ ಕೊಚ್ಚಿಬಂದು ಹೊಸ ಪದರ ಸೇರಿದವನ್ನೂ ಪಕ್ಕಕ್ಕಿಟ್ಟರು. ಉಳಿದ ನಂಬಲರ್ಹ ಹಲ್ಲುಗಳಿಂದ ಬಂದ ಉತ್ತರ ಸುಮಾರು 36 ಲಕ್ಷ ವರ್ಷ. ಹತ್ತು ಲಕ್ಷ ವರ್ಷಗಳ ಈ ವ್ಯತ್ಯಾಸ ಬಹುಮಟ್ಟಿಗೆ ಚೀಟಿಗಳನ್ನು ತಿದ್ದಿದ್ದರಿಂದ ಬಂದದ್ದು. ಇದು ಬರಿಯ ಅಂಕಿಯ ವಿಷಯವಲ್ಲ. ಆ ಪ್ರಾಣಿ ಏಕೆ ಅಳಿಯಿತೆಂದು ಕೇಳಬೇಕಾದರೆ, ಅದೇ ಕಾಲದಲ್ಲಿ ಲೋಕದಲ್ಲಿ ಇನ್ನೇನು ನಡೆಯುತ್ತಿತ್ತೆಂದು ತಿಳಿಯಬೇಕು. ಕಾಲವೇ ತಪ್ಪಾದರೆ ಕಾರಣವೂ ತಪ್ಪುತ್ತದೆ.

ನಮ್ಮ ದೇಶದಲ್ಲಿ

ನಮ್ಮಲ್ಲಿ ಇಂಥ ಹಲ್ಲುಗಳು ಸಿಗುತ್ತವೆಯೇ ಎಂದು ನೀವು ಕೇಳುವುದು ಸಹಜ. ಕರ್ನಾಟಕದ ನೆಲದ ಬಹುಪಾಲು ಅತಿ ಪ್ರಾಚೀನ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಶಾರ್ಕ್‌ಗಳ ಅತಿ ಹಳೆಯ ಹಲ್ಲುಗಳಿಗೆ ಸುಮಾರು 40 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಯಲ್ಲಿ ಶಾರ್ಕ್ ಹುಡುಕುವುದು ಮುತ್ತಜ್ಜನ ಮದುವೆಯ ಫೋಟೋದಲ್ಲಿ ನಮ್ಮನ್ನು ಹುಡುಕಿದಂತೆ.

ಆದರೆ ಪಕ್ಕದ ತಮಿಳುನಾಡಿನ ಅರಿಯಲೂರು ಸೀಮೆ ಮತ್ತು ಪಾಂಡಿಚೇರಿಯ ಸುತ್ತಲ ನೆಲ, ಡೈನೊಸಾರ್‌ಗಳ ಕೊನೆಯ ಯುಗದಲ್ಲಿ ಕಡಲ ಅಡಿಯಲ್ಲಿತ್ತು. ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಬ್ರಿಟಿಷರು ಪಾಂಡಿಚೇರಿ ಬಳಿ ಕೂಡಿಸಿದ ಮೀನಿನ ಪಳೆಯುಳಿಕೆಗಳನ್ನು ಫಿಲಿಪ್ ಎಗರ್ಟನ್ 1845ರಲ್ಲಿ ವರ್ಣಿಸಿದ. ಅವುಗಳಲ್ಲಿ ಶಾರ್ಕ್ ಹಲ್ಲುಗಳಿದ್ದವು. ಅರಿಯಲೂರು ಜಿಲ್ಲೆಯ ವಾರಣವಾಸಿಯಲ್ಲಿ ಈಗ ಪಳೆಯುಳಿಕೆಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಕಾಲೇಜು ಪ್ರವಾಸಕ್ಕೆ ಯೋಗ್ಯವಾದ ಸ್ಥಳ. ಇನ್ನು 2021ರಲ್ಲಿ ರಾಜಸ್ಥಾನದ ಜೈಸಲ್ಮೇರಿನಲ್ಲಿ, ಈಗ ಮರಳುಗಾಡಾಗಿರುವ ನೆಲದಲ್ಲಿ, ಜುರಾಸಿಕ್ ಯುಗದ ಒಂದು ಹೊಸ ಶಾರ್ಕ್ ಜಾತಿ ಅದರ ಹಲ್ಲುಗಳಿಂದ ಪತ್ತೆಯಾಯಿತು. ಮೇರಿ ಆ್ಯನಿಂಗಳ ಹೈಬೋಡಸ್ ಬಳಗಕ್ಕೇ ಸೇರಿದ ಅದರ ಹೆಸರು 'ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್'. ಸಿಕ್ಕಿದ ಊರೇ ಹೆಸರಿನೊಳಗೆ ಸೇರಿಕೊಂಡಿದೆ.

ಹಲ್ಲು ಯಾರದು?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ದಿಬ್ಬಗಳ ಉದ್ಯಾನದಲ್ಲಿ, ಅಲೆ ತಂದು ಹಾಕಿದ ಹಲ್ಲುಗಳನ್ನು ದಡದಲ್ಲಿ ಆಯಲು ಜನರಿಗೆ ಅವಕಾಶವಿದೆ. ಕುಸಿಯುವ ದಿಬ್ಬದ ಬುಡಕ್ಕೆ ಮಾತ್ರ ಹೋಗುವಂತಿಲ್ಲ. ಮಾಲ್ಟಾದ ನಿಲುವೇ ಬೇರೆ. ಅಲ್ಲಿ ಪಳೆಯುಳಿಕೆ ದೇಶದ ಪರಂಪರೆಯ ಸ್ವತ್ತು, ಕಿತ್ತೊಯ್ಯುವಂತಿಲ್ಲ. 2020ರಲ್ಲಿ ದೂರದರ್ಶನ ಮಾಧ್ಯಮದಲ್ಲಿ ನಮ್ಮೆಲ್ಲರ ಗುರುವಿನಂತಿರುವ ಡೇವಿಡ್ ಅಟೆನ್‌ಬರೊ, 1960ರ ದಶಕದಲ್ಲಿ ಮಾಲ್ಟಾದಲ್ಲಿ ತಮಗೆ ಸಿಕ್ಕಿದ್ದ ಮೆಗಲಡಾನ್ ಹಲ್ಲೊಂದನ್ನು ಬ್ರಿಟನ್ನಿನ ಬಾಲ ರಾಜಕುಮಾರ ಜಾರ್ಜ್‌ಗೆ ಉಡುಗೊರೆ ಕೊಟ್ಟರು. ಅದನ್ನು ಮರಳಿ ತರಿಸುವ ಮಾತನ್ನು ಮಾಲ್ಟಾದ ಸಂಸ್ಕೃತಿ ಸಚಿವರು ಆಡಿದರು. ಆಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಯಾರು ಸರಿ, ನೀವೇ ಚರ್ಚಿಸಿ. ಒಂದಂತೂ ನಿಜ: ಆ ಹಲ್ಲು ಮಾಲ್ಟಾದ್ದೆಂದು ಅಟೆನ್‌ಬರೊ ನೆನಪಿಟ್ಟಿದ್ದರಿಂದಲೇ ಆ ಪ್ರಶ್ನೆ ಏಳಲು ಸಾಧ್ಯವಾಯಿತು.

ನನ್ನ ತಪ್ಪು

ಈಗ ಮೊದಲಿನ ಮಾತಿಗೆ ಬರುತ್ತೇನೆ. ನಮ್ಮ ಮೇಜಿನ ಮೇಲಿದ್ದ ಹಲ್ಲು ನಾನು ಬಿ.ಎಸ್ಸಿ. ಓದಿದ ಕಾಲೇಜಿನದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಹಳೆಯ ಕಪಾಟಿನಿಂದ ಹೊಸ ಗಾಜಿನ ಕಪಾಟಿಗೆ ಸಂಗ್ರಹವನ್ನು ಸಾಗಿಸುವ ಕೆಲಸ ನನಗೂ ಇಬ್ಬರು ಸಹಪಾಠಿಗಳಿಗೂ ಬಂದಿತ್ತು. ಡಬ್ಬಿಗಳ ತಳದಲ್ಲಿ ಹಳದಿಗಟ್ಟಿ ಹುಳು ತಿಂದ ಚೀಟಿಗಳಿದ್ದವು. ಶಾಯಿ ಮಾಸಿತ್ತು, ಅಕ್ಷರ ಓದಲು ತ್ರಾಸ. ನಾನು ಅವನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಹೊಸ ಬಿಳಿ ಕಾರ್ಡಿನ ಮೇಲೆ ಮುದ್ದಾದ ಅಕ್ಷರಗಳಲ್ಲಿ 'ಶಾರ್ಕಿನ ಹಲ್ಲು' ಎಂದು ಬರೆದಿಟ್ಟೆ. ಕಪಾಟು ಅಂದವಾಗಿದೆಯೆಂದು ಎಲ್ಲರೂ ಮೆಚ್ಚಿದರು. ಆ ಹಲ್ಲಿನ ಮಟ್ಟಿಗೆ, ಲಕ್ಷಾಂತರ ವರ್ಷ ಉಳಿದುಬಂದಿದ್ದ ಒಂದು ಸಾಕ್ಷ್ಯವನ್ನು ನಾನು ಅರ್ಧ ನಿಮಿಷದಲ್ಲಿ ಅಳಿಸಿದ್ದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಕಲ್ಲಾಗಲಿ ಚಿಪ್ಪಾಗಲಿ ಹಲ್ಲಾಗಲಿ, ಕೂಡಿಸುವ ಹವ್ಯಾಸವಿದ್ದರೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಮೊದಲು ಆ ಜಾಗದವರ ಅನುಮತಿ ಕೇಳಿ. ಕುಸಿಯುವ ದಂಡೆ, ಗಣಿಗಳ ಅಂಚಿಗೆ ಹೋಗಬೇಡಿ. ವಸ್ತುವನ್ನು ಎತ್ತುವ ಮೊದಲು ಇದ್ದಲ್ಲೇ ಒಂದು ಚಿತ್ರ ತೆಗೆಯಿರಿ ಅಥವಾ ಬರೆಯಿರಿ. ಎಲ್ಲಿ, ಯಾವ ಪದರದಲ್ಲಿ, ಯಾವ ದಿನ, ಯಾರ ಕೈಗೆ ಎಂಬ ನಾಲ್ಕು ಸಂಗತಿಗಳನ್ನು ಅಲ್ಲೇ ಬರೆದು ಸಂಖ್ಯೆ ಹಾಕಿ. ಬಂಡೆಯಿಂದ ಬಿಡಿಸಿಕೊಂಡು ಕೆಳಗೆ ಬಿದ್ದಿದ್ದರೆ ಹಾಗೆಂದೇ ಬರೆಯಿರಿ. ಅಪರೂಪದ್ದೆನಿಸಿದರೆ ಕೀಳದೆ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ. ನಿಮ್ಮ ಕಾಲೇಜಿನ ಹಳೆಯ ಕಪಾಟಿನಲ್ಲಿ ಮಾಸಿದ ಚೀಟಿಗಳಿದ್ದರೆ ದಯವಿಟ್ಟು ಎಸೆಯಬೇಡಿ, ಓದಲಾಗದಿದ್ದರೂ ಜೋಪಾನವಾಗಿಡಿ. ನಿಮಗೆ ಓದಲಾಗದ್ದನ್ನು ಇನ್ನೊಬ್ಬರು ಓದಿಯಾರು.

ಎರವಲು ತಂದ ಹಲ್ಲನ್ನು ಕಳೆದ ವಾರ ಹಿಂದಿರುಗಿಸಿ ಬಂದೆ. ನನ್ನ ಆ ಮುದ್ದಾದ ಕಾರ್ಡಿನ ಕೆಳಗೆ ಈಗ ಇನ್ನೆರಡು ಸಾಲುಗಳಿವೆ: 'ಸಿಕ್ಕಿದ ಸ್ಥಳ ತಿಳಿಯದು. ಮೂಲ ಚೀಟಿ ಕಪಾಟು ಬದಲಿಸುವಾಗ ನನ್ನಿಂದ ಕಳೆದುಹೋಯಿತು.' ಕೆಳಗೆ ಹೆಸರು, ದಿನಾಂಕ ಹಾಕಿದ್ದೇನೆ.